ಬಿರುಕುಬಿಟ್ಟ ಕೆರೆಯಂಗಳದ ಚೆಲುವು



ಮಂಚೇನಹಳ್ಳಿಯ ಸುತ್ತಿನ ಸೀಮೆಯನ್ನು ವೈಶಾಖದ ಬಿಸಿಲಿನಲ್ಲಿ ಕಂಡವರಿಗೆ ನೀರಿಲ್ಲದ ಕೆರೆಯಂಗಳದ ನೋಟ ಹೊಸದಲ್ಲ. ಪಸೆಯಾರಿದ ಗೋಡುಮಣ್ಣು ಕುಗ್ಗುತ್ತದೆ. ಕುಗ್ಗಿದ ಮಣ್ಣು ಸೀಳುತ್ತದೆ. ಸೀಳುಗಳು ಒಂದನ್ನೊಂದು ಕೂಡಿಕೊಂಡು ಐದು ಮೂಲೆಯ, ಆರು ಮೂಲೆಯ ಹೆಂಟೆಗಳಾಗಿ, ಅಂಗಳಕ್ಕೆಲ್ಲ ಹಾಸುಗಲ್ಲು ಹೊದಿಸಿದಂತೆ ತೋರುತ್ತದೆ. ಮೇಲಿನ ನಯವಾದ ಪದರ ಕೆಳಗಿನದಕ್ಕಿಂತ ಬೇಗ ಒಣಗುವುದರಿಂದ ಹೆಂಟೆಗಳ ಅಂಚು ಹಪ್ಪಳದಂತೆ ಮೇಲಕ್ಕೆ ಮುರುಟಿಕೊಳ್ಳುವುದು. ಹೊತ್ತೇರುವ ಮುನ್ನಿನ ಓರೆಬಿಸಿಲು ಆ ಅಂಚುಗಳಿಗೆ ತಗುಲಿದಾಗ ಬೆಳಕೂ ನೆರಳೂ ಸೇರಿ ನೆಲದ ಮೇಲೆ ದೊಡ್ಡದೊಂದು ಜಾಲವನ್ನು ಹೆಣೆಯುತ್ತವೆ. ಇಂಥ ನೋಟವನ್ನು ಛಾಯಾಚಿತ್ರವಾಗಿ ಹಿಡಿದು, ಹಿಗ್ಗಿಸಿ, ಚೌಕಟ್ಟು ಕಟ್ಟಿಸಿ ನಗರದ ಮನೆಗಳ ಹಜಾರದಲ್ಲಿ ತೂಗುಹಾಕುವುದುಂಟು. ಬಂದವರು ನಿಂತು ನೋಡಿ "ಎಷ್ಟು ಸುಂದರವಾಗಿದೆ!" ಎನ್ನುತ್ತಾರೆ. ಅವರ ಮಾತು ಸುಳ್ಳೂ ಅಲ್ಲ. ಚಿತ್ರ ಸುಂದರವಾಗಿಯೇ ಇರುತ್ತದೆ.

ಆದರೆ ಅದೇ ಚಿತ್ರವನ್ನು ಆ ಕೆರೆಯ ಅಚ್ಚುಕಟ್ಟಿನ ರೈತನೊಬ್ಬನ ಮುಂದೆ ಹಿಡಿದರೆ ಅವನು ಏನನ್ನು ಕಂಡಾನು? ಹೆಂಟೆಯ ದಪ್ಪವನ್ನು ಕಂಡಾನು. ಗೇಣುದಪ್ಪದ ಗೋಡಿದ್ದರೆ ಹೊಲಕ್ಕೆ ಎಷ್ಟು ಗಾಡಿ ಹೊಡೆಯಬಹುದೆಂದು ಎಣಿಸಿಯಾನು. ಅಷ್ಟು ಹೂಳು ತುಂಬಿದ ಕೆರೆಯಲ್ಲಿ ಇನ್ನು ನೀರು ನಿಲ್ಲುವುದೆಷ್ಟು ಎಂದು ಮರುಗಿಯಾನು. ಸುಂದರವೆಂಬ ಮಾತು ಅವನ ಬಾಯಿಗೆ ಕೂಡಲೇ ಬರುವುದು ಸಂದೇಹ. ಬರಲೇ ಬೇಕೆಂದು ಯಾರೂ ಹೇಳಲಾರರು.

ಒಬ್ಬನ ಕೊರತೆ ಇನ್ನೊಬ್ಬನ ಕಣ್ಣಿಗೆ ಚೆಲುವಾಗಿ ಕಾಣುವುದು ಸಾಧುವೇ? ಒಣಗಿದ್ದು, ಮುರಿದದ್ದು, ಸವೆದದ್ದು, ಎಸೆದದ್ದು—ಇವುಗಳಲ್ಲಿ ಸೌಂದರ್ಯವನ್ನು ಹುಡುಕುವ ಛಾಯಾಗ್ರಾಹಕ ನಮ್ಮ ಕಣ್ಣನ್ನು ತೆರೆಸುತ್ತಾನೆಯೋ, ಇಲ್ಲವೇ ಮತ್ತೊಂದು ಬಗೆಯಲ್ಲಿ ಮುಚ್ಚಿಸುತ್ತಾನೆಯೋ? ಇಂದು ಪ್ರತಿಯೊಬ್ಬರ ಜೇಬಿನಲ್ಲಿಯೂ ಕ್ಯಾಮೆರಾ ಇರುವುದರಿಂದ ಇದು ಕಲಾವಿದರಿಗಷ್ಟೇ ಬಿಟ್ಟ ಪ್ರಶ್ನೆಯಾಗಿ ಉಳಿದಿಲ್ಲ. ತುಕ್ಕು ಹಿಡಿದ ಬೀಗ, ಹರಿದ ಎಕ್ಕಡ, ಪಾಳುಮನೆಯ ಕಿಟಕಿ ಇವುಗಳ ಮುಂದೆ ನಿಂತು ಚಿತ್ರ ತೆಗೆಯದವರು ನಮ್ಮಲ್ಲಿ ಯಾರಿದ್ದಾರೆ?

ಅಲುಗದ ವಸ್ತುಗಳನ್ನು ಎದುರಿಗಿಟ್ಟುಕೊಂಡು ತೆಗೆಯುವ ಚಿತ್ರಕ್ಕೆ ಸ್ಥಿರವಸ್ತು ಚಿತ್ರವೆಂದು ಹೆಸರು. ಛಾಯಾಗ್ರಹಣ ಹುಟ್ಟಿದ್ದೇ ಇವುಗಳ ಮಡಿಲಲ್ಲಿ ಎನ್ನಬಹುದು. ಆಗಿನ ತಟ್ಟೆಗಳಿಗೆ ಬೆಳಕು ನಿಮಿಷಗಟ್ಟಲೆ ಬೀಳಬೇಕಾಗಿತ್ತು. ಮನುಷ್ಯರಿಗಿಲ್ಲದ ತಾಳ್ಮೆ ವಸ್ತುಗಳಿಗಿತ್ತು. ಫ್ರಾನ್ಸಿನ ದಾಗೇರ್ 1837ರಲ್ಲಿ ತನ್ನ ಕೋಣೆಯ ಗಚ್ಚಿನ ಬೊಂಬೆಗಳನ್ನು ಚಿತ್ರಿಸಿದನು. ಇಂಗ್ಲೆಂಡಿನ ಟಾಲ್ಬಾಟ್ 1844ರಲ್ಲಿ ತೆರೆದ ಬಾಗಿಲೊಂದಕ್ಕೆ ಪೊರಕೆಯನ್ನು ಒರಗಿಸಿ ಚಿತ್ರ ತೆಗೆದನು. ಸಾಮಾನ್ಯರು ಗಮನಿಸದೆ ದಾಟಿಹೋಗುವ ಕಡೆಯಲ್ಲಿ ಚಿತ್ರಕಾರನ ಕಣ್ಣು ತಡೆದು ನಿಲ್ಲುತ್ತದೆ ಎಂಬುದು ಅವನ ಅಭಿಪ್ರಾಯವಾಗಿತ್ತು. ಆ ಪೊರಕೆ ಇಂದಿಗೂ ಛಾಯಾಗ್ರಹಣದ ಚರಿತ್ರೆಯಲ್ಲಿ ನಿಂತಿದೆ. ನಮ್ಮವರಿಗಾದರೋ ಪೊರಕೆಗೆ ಗೌರವ ಸಲ್ಲಿಸುವುದನ್ನು ಯಾರೂ ಹೊರಗಿನಿಂದ ಕಲಿಸಬೇಕಾಗಿಲ್ಲ. ಅಂಗಳ ಗುಡಿಸುವುದನ್ನೇ ಕಾಯಕವಾಗಿ ಮಾಡಿದ ಸತ್ಯಕ್ಕನನ್ನು ನಾವು ಶರಣೆಯರ ಸಾಲಿನಲ್ಲಿ ನೆನೆಯುತ್ತೇವೆ. ಎರಡಕ್ಕೂ ಒಂದು ಅಂತರವುಂಟು: ಟಾಲ್ಬಾಟನ ಚಿತ್ರದಲ್ಲಿ ಪೊರಕೆಯಿದೆ, ಅದನ್ನು ಹಿಡಿದ ಕೈ ಇಲ್ಲ.

ಅಮೆರಿಕದ ಎಡ್ವರ್ಡ್ ವೆಸ್ಟನ್ನನ ದಪ್ಪ ಮೆಣಸಿನಕಾಯಿಯ ಕಥೆ ಸ್ವಾರಸ್ಯವಾದದ್ದು. 1930ರ ಆಗಸ್ಟಿನಲ್ಲಿ ಅವನು ಸೊಟ್ಟಸೊಟ್ಟಗೆ ಬೆಳೆದ ಒಂದು ಕಾಯಿಯನ್ನು ತಗಡಿನ ಆಲಿಕೆಯ ಬಾಯಲ್ಲಿ ಕೂರಿಸಿ, ನಿಮಿಷಗಟ್ಟಲೆ ಬೆಳಕು ಬೀಳಿಸಿ ಚಿತ್ರ ತೆಗೆದನು. ಆ ಚಿತ್ರವನ್ನು ನೋಡಿದವರಿಗೆ ಮೊದಲು ಕಾಣುವುದು ಮೆಣಸಿನಕಾಯಿಯಲ್ಲ. ಮೈಮುರಿದು ಕುಳಿತ ಮಲ್ಲನೊಬ್ಬನ ಬೆನ್ನು, ಒಂದನ್ನೊಂದು ಅಪ್ಪಿದ ಎರಡು ಜೀವಗಳು. ಸಂತೆಯಲ್ಲಿ ಸೊಟ್ಟಕಾಯಿಯೆಂದು ಪಕ್ಕಕ್ಕೆ ತಳ್ಳಿಸಿಕೊಳ್ಳಬಹುದಾದದ್ದಕ್ಕೆ ಅಷ್ಟು ಘನತೆ ಬಂದಿತು. ಅಂಥ ಕಾಯಿಗಳು ಬಾಡತೊಡಗಿದಾಗ ಅವನು ಅವನ್ನು ಊಟಕ್ಕೆ ಹೆಚ್ಚಿಕೊಂಡದ್ದೂ ಉಂಟು. ಇದನ್ನು ಓದಿದಾಗ ನನಗೆ ಆ ಮನುಷ್ಯನ ಮೇಲೆ ವಿಶ್ವಾಸ ಹೆಚ್ಚಿತು. ಚಿತ್ರ ತೆಗೆದ ಮಾತ್ರಕ್ಕೆ ಕಾಯಿ ಕಾಯಿಯಾಗಿರುವುದನ್ನು ಬಿಡಲಿಲ್ಲ. ಅದಕ್ಕೆ ಸಲ್ಲಬೇಕಾದ ಅಡಿಗೆಮನೆಯ ಗತಿಯೂ ಸಂದಿತು.

ಇದೇ ವೆಸ್ಟನ್ 1925ರಲ್ಲಿ, ಮೆಕ್ಸಿಕೋದಲ್ಲಿದ್ದಾಗ, ತನ್ನ ಮನೆಯ ಪಾಯಿಖಾನೆಯ ಪಿಂಗಾಣಿ ಬೋಗುಣಿಯನ್ನು ನೆಲಮಟ್ಟದಿಂದ ಚಿತ್ರಿಸಿದ್ದನು. ಅದರ ನುಣುಪು, ಬಳುಕು, ಬೆಳ್ಪು ಇವನ್ನು ಪುರಾತನ ಗ್ರೀಕ್ ಶಿಲ್ಪಕ್ಕೆ ಸರಿದೂಗುವಂತೆ ತೋರಿಸಿದನು. ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಪಿಂಗಾಣಿಯ ಆಕೃತಿಯನ್ನು ಬರಿಯ ಆಕೃತಿಯಾಗಿ ನೋಡುವುದು ಯಾರಿಗೆ ಸಾಧ್ಯ? ಅದನ್ನು ತನ್ನ ಕೈಯಿಂದ ತೊಳೆಯಬೇಕಾದ ಹಂಗಿಲ್ಲದವನಿಗೆ. ನಮ್ಮ ನಾಡಿನಲ್ಲಿ ಮಲದ ಬುಟ್ಟಿಯನ್ನು ತಲೆಯ ಮೇಲೆ ಹೊರಿಸುವ ಪದ್ಧತಿಯನ್ನು ನಿಲ್ಲಿಸಲು 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಗಳಾಗಿ ಹೋರಾಡಬೇಕಾಯಿತು. ಆ ಬಳಿಕವೂ 1993ರಲ್ಲಿ ಒಂದು, 2013ರಲ್ಲಿ ಇನ್ನೊಂದು ಕೇಂದ್ರ ಶಾಸನ ಬೇಕಾಯಿತು. ಆ ಬುಟ್ಟಿಯನ್ನು ಹೊತ್ತ ಮನೆತನದವರ ಮುಂದೆ ವೆಸ್ಟನ್ನನ ಚಿತ್ರವನ್ನಿಟ್ಟು ಇದರ ಬಳುಕನ್ನು ನೋಡಿರೆಂದು ಹೇಳುವ ಎದೆಗಾರಿಕೆ ನನಗಿಲ್ಲ. ಚಿತ್ರ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅದರ ಚೆಲುವು ಒಂದು ದೂರವನ್ನು ಅವಲಂಬಿಸಿದೆಯೆಂದಷ್ಟೇ ಹೇಳುತ್ತಿದ್ದೇನೆ.

ಇಂಥ ಚಿತ್ರಗಳನ್ನು ನಾವು 'ವಿಚಿತ್ರ ವಸ್ತುಗಳ ಚಿತ್ರ' ಎನ್ನುತ್ತೇವೆ. ಯಾರಿಗೆ ವಿಚಿತ್ರ? ಬಿರುಕುಬಿಟ್ಟ ಕೆರೆ ಮಂಚೇನಹಳ್ಳಿಯ ರೈತನಿಗೆ ವಿಚಿತ್ರವಲ್ಲ, ಪೊರಕೆ ಗುಡಿಸುವವಳಿಗೆ ವಿಚಿತ್ರವಲ್ಲ. ವೈಚಿತ್ರ್ಯವು ವಸ್ತುವಿನ ಗುಣವಾಗಿರದೆ, ನೋಡುವವನಿಗೂ ವಸ್ತುವಿಗೂ ನಡುವಣ ಅಂತರದ ಅಳತೆಯಾಗಿರುವುದು. ಚಿತ್ರದ ಯೋಗ್ಯತೆಯನ್ನು ಇದರಿಂದಲೇ ಒರೆಹಚ್ಚಬಹುದೆಂದು ನನಗೆ ತೋರುತ್ತದೆ. ಆ ಅಂತರವನ್ನು ಕಿರಿದು ಮಾಡುವ ಚಿತ್ರ ಒಂದು ಜಾತಿಯದು. ಆ ಅಂತರವನ್ನೇ ಉಂಡು ಬದುಕುವ ಚಿತ್ರ ಇನ್ನೊಂದು ಜಾತಿಯದು.

ಜುಗುಪ್ಸೆ ಹುಟ್ಟಿಸುವ ವಸ್ತುವಿಗೆ ಕಲೆಯಲ್ಲಿ ಸ್ಥಾನವಿಲ್ಲವೆಂದು ನಮ್ಮ ಹಿಂದಿನವರು ಎಂದೂ ಹೇಳಲಿಲ್ಲ. ಭರತಮುನಿ ಎಣಿಸಿದ ಎಂಟು ರಸಗಳಲ್ಲಿ ಬೀಭತ್ಸವೂ ಒಂದು; ಅದಕ್ಕೆ ಮಹಾಕಾಲನನ್ನೇ ಅಧಿದೈವವಾಗಿ ಹೇಳಿದೆ. ಹೆಣಗಳಿಂದ ತುಂಬಿದ ರಣರಂಗದ ನಡುವೆ ದುರ್ಯೋಧನನನ್ನು ನಡೆಸಿದ ರನ್ನನ ಗದಾಯುದ್ಧವನ್ನು ಓದಿದವರಿಗೆ ಇದು ತಿಳಿದ ವಿಷಯ. ಆದರೆ ಅಲ್ಲಿ ಒಂದು ಸೂಕ್ಷ್ಮವಿದೆ. ಬೀಭತ್ಸ ರಸದಲ್ಲಿ ಜುಗುಪ್ಸೆ ಕಳೆದುಹೋಗುವುದಿಲ್ಲ. ಹೆಣವು ಹೂವಿನಂತೆ ಕಾಣಬೇಕೆಂದು ರನ್ನನು ಬಯಸಲಿಲ್ಲ. ಹೆಣ ಹೆಣವಾಗಿಯೇ ಇದ್ದು, ದುರ್ಯೋಧನನ ಹೆಜ್ಜೆಯ ಭಾರ ನಮ್ಮ ಎದೆಗೆ ತಟ್ಟುತ್ತದೆ. ಇದಕ್ಕೆ ಪ್ರತಿಯಾಗಿ ಅಮೆರಿಕದ ಇರ್ವಿಂಗ್ ಪೆನ್ನನ ಚಿತ್ರಗಳನ್ನು ನೋಡಿರಿ. ಇವನು 'ವೋಗ್' ಪತ್ರಿಕೆಗೆ ಚೆಲುವೆಯರ ಚಿತ್ರ ತೆಗೆದು ಖ್ಯಾತನಾದವನು. 1972ರಲ್ಲಿ ನ್ಯೂಯಾರ್ಕಿನ ಬೀದಿಗಳಿಂದ ಸೇದಿ ಎಸೆದ ಸಿಗರೇಟು ತುಂಡುಗಳನ್ನು ಆಯಿಸಿ ತಂದು, ದೊಡ್ಡದಾಗಿ ಚಿತ್ರಿಸಿ, ಬೆಲೆಬಾಳುವ ಪ್ಲಾಟಿನಂ ಲೋಹದಲ್ಲಿ ಅಚ್ಚು ತೆಗೆದನು. 1975ರಲ್ಲಿ ಆ ನಗರದ ಆಧುನಿಕ ಕಲೆಯ ವಸ್ತುಸಂಗ್ರಹಾಲಯದಲ್ಲಿ ಅವು ಪ್ರದರ್ಶಿತವಾದುವು. ತುಳಿಸಿಕೊಂಡ ಮೋಟುಗಳು ಅಲ್ಲಿ ಪಾಳುದೇಗುಲದ ಕಂಬಗಳಂತೆ ನಿಂತಿವೆ. ಹೊಲಸು ಹೊಲಸಾಗಿ ಉಳಿಯಿತೋ, ಇಲ್ಲವೇ ಪ್ಲಾಟಿನಂ ಅದನ್ನು ನುಂಗಿಹಾಕಿತೋ? ಪಂಡಿತರು ಎರಡು ಪಕ್ಷವಾಗಿ ವಾದಿಸಬಹುದು. ನನ್ನ ಒಲವು ಎರಡನೆಯ ಪಕ್ಷದ ಕಡೆಗೆ. ಆದರೂ ಅವನ್ನು ನೋಡಿದ ಮೇಲೆ ಬಸ್‌ನಿಲ್ದಾಣದ ನೆಲದ ಮೇಲಣ ಬೀಡಿಯ ಮೋಟನ್ನು ಮೊದಲಿನಂತೆ ದಾಟಿಹೋಗಲಾಗದೆಂಬುದನ್ನೂ ಒಪ್ಪಬೇಕು. ಅದು ಯಾರದೋ ತುಟಿಯ ಗುರುತು, ಯಾರದೋ ದಣಿವಿನ ಅರೆಗಳಿಗೆ.

ಇಷ್ಟು ಹೇಳಿದ ಮಾತ್ರಕ್ಕೆ, ವಸ್ತುವನ್ನು ಬಳಸುವವರಿಗೆ ಕಷ್ಟವಷ್ಟೇ ಕಾಣುತ್ತದೆ, ಚೆಲುವು ಕಾಣುವುದು ಹೊರಗಿನವರಿಗೆ ಮಾತ್ರ ಎಂದು ಯಾರೂ ತಿಳಿಯಬಾರದು. ಅದು ಇನ್ನೊಂದು ಬಗೆಯ ಅವಹೇಳನ. ನಮ್ಮ ಹಳ್ಳಿಗಳಲ್ಲಿ ಗೋಡೆಗೆ ತಟ್ಟಿದ ಬೆರಣಿಯ ಸಾಲನ್ನು ನೆನಪಿಗೆ ತಂದುಕೊಳ್ಳಿರಿ. ಒಂದೊಂದರ ಮೇಲೂ ಐದು ಬೆರಳಿನ ಅಚ್ಚು. ಸಾಲು ಸೊಟ್ಟಗಾಗದಂತೆ, ಒಂದಕ್ಕೊಂದು ತಗುಲದಂತೆ ತಟ್ಟಿದ ಕೈ. ಒಣಗುವುದಕ್ಕೆ ಅಷ್ಟು ಓರಣ ಬೇಕಾಗಿಲ್ಲ. ಹುಲ್ಲಿನ ಬಣವೆಯ ನೆತ್ತಿಯನ್ನು ತಿದ್ದಿ ತೀಡುವ ರೈತನೂ, ಸಗಣಿ ಸಾರಿಸಿದ ಅಂಗಳದಲ್ಲಿ ಚುಕ್ಕಿಯಿಟ್ಟು ಎಳೆಯೆಳೆಯುವ ತಾಯಿಯೂ ಅಗತ್ಯಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುವವರೇ. ಸಗಣಿಯಲ್ಲಿ ಚೆಲುವನ್ನು ಮೊದಲು ಕಂಡವರು ಇವರು. ಛಾಯಾಗ್ರಾಹಕ ಬಂದದ್ದು ಆಮೇಲೆ. ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲಸಿದ ಕಲಾವಿದೆ ಶೀಲಾ ಗೌಡ ಅವರು 1990ರ ದಶಕದ ಆರಂಭದಲ್ಲಿ ಬಣ್ಣದ ಕುಂಚವನ್ನು ಬದಿಗಿಟ್ಟು ಸಗಣಿಯನ್ನೇ ಕೈಗೆತ್ತಿಕೊಂಡರು. 1998ರಲ್ಲಿ ಕುಂಕುಮ ಸವರಿದ ನೂಲಿನ ಎಳೆಗಳಿಂದ ಕೃತಿ ರಚಿಸಿದರು. ಜಗತ್ತಿನ ಪ್ರದರ್ಶನಗಳಲ್ಲಿ ಅವು ನವೀನವೆನಿಸಿದುವು. ವಿಭೂತಿಯ ಗಟ್ಟಿ ಹೇಗಾಗುತ್ತದೆಂದು ಬಲ್ಲ ಈ ಪತ್ರಿಕೆಯ ಓದುಗರಿಗೆ ಸಗಣಿಗೆ ಸಂಸ್ಕಾರ ಸಲ್ಲುವುದರಲ್ಲಿ ಅಚ್ಚರಿಯೇನೂ ಇರಲಾರದು.

ನಿಮ್ಮಲ್ಲಿ ಅನೇಕರು ಮಠದ ಪ್ರಸಾದನಿಲಯದಲ್ಲಿ ಪಂಕ್ತಿಯಲ್ಲಿ ಕುಳಿತು ಉಂಡು ಓದಿದವರು. ಅಲ್ಲಿಯ ನೆಗ್ಗಿದ ತಟ್ಟೆಯೊಂದನ್ನು ಕಪ್ಪು ಬಟ್ಟೆಯ ಮೇಲಿಟ್ಟು, ಪಕ್ಕದಿಂದ ಬೆಳಕು ಬಿಟ್ಟು ಚಿತ್ರ ತೆಗೆದರೆ ಒಳ್ಳೆಯ ಸ್ಥಿರವಸ್ತು ಚಿತ್ರವಾದೀತು. ಬೆಂಗಳೂರಿನಲ್ಲಿ ಛಾಯಾಗ್ರಾಹಕರ ಸಂಘಗಳು ಬಲವಾಗಿ ಬೇರೂರಿವೆ: 1953ರಲ್ಲಿ ಹುಟ್ಟಿದ ಭಾರತೀಯ ಛಾಯಾಗ್ರಹಣ ಒಕ್ಕೂಟಕ್ಕಾಗಿ ಡಾ. ಜಿ. ಥಾಮಸ್ ಅವರು ಬಹುಕಾಲ ದುಡಿದರು. 1971ರಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಆರಂಭವಾಯಿತು. ಅಂಥ ಕಡೆಯ ಪ್ರದರ್ಶನವೊಂದರಲ್ಲಿ ಆ ತಟ್ಟೆಯ ಚಿತ್ರಕ್ಕೆ ಬಹುಮಾನ ಬಂದರೂ ಬರಬಹುದು. ತೀರ್ಪುಗಾರರು ಬೆಳಕಿನ ಹದವನ್ನೂ ವರ್ತುಲದ ಬಾಗನ್ನೂ ಮೆಚ್ಚುತ್ತಾರೆ. ನೀವಾದರೋ ಆ ನೆಗ್ಗಿನಲ್ಲಿ ಸಾರು ನಿಲ್ಲುತ್ತಿದ್ದುದನ್ನು, ತೊಳೆಯುವ ಸರದಿಯನ್ನು, ಪಕ್ಕದಲ್ಲಿ ಕುಳಿತಿದ್ದವನನ್ನು ನೆನೆಯುತ್ತೀರಿ. ನಿಮ್ಮ ಕಣ್ಣಿಗೂ ಅದು ಚೆಲುವೇ. ಆದರೆ ನಿಮ್ಮ ಚೆಲುವಿಗೆ ಬೇರು ಇದೆ.

ಇನ್ನು, ನನ್ನನ್ನು ಬಹಳ ಕಾಲ ಕಾಡಿದ ಉದಾಹರಣೆಗೆ ಬರುತ್ತೇನೆ. ಮಂಚೇನಹಳ್ಳಿಯಿಂದ ಚಿಕ್ಕಬಳ್ಳಾಪುರವನ್ನು ದಾಟಿ ಮುಂದೆ ಹೋದರೆ ಶಿಡ್ಲಘಟ್ಟ. ರಾಮನಗರದಂತೆಯೇ ನಾಡಿನ ದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆಗಳಲ್ಲೊಂದು ಅಲ್ಲಿದೆ. ಸುತ್ತಲಿನ ಹಳ್ಳಿಗಳಲ್ಲಿ ಹಿಪ್ಪುನೇರಳೆಯ ಸೊಪ್ಪು ತಿಂದು ಹಣ್ಣಾದ ಹುಳುಗಳನ್ನು ಚಂದ್ರಂಕಿಗೆ ಬಿಡುತ್ತಾರೆ. ಬಿದಿರಿನ ದೆಬ್ಬೆಯನ್ನು ಸುರುಳಿಸುರುಳಿಯಾಗಿ ಸುತ್ತಿ ಕಟ್ಟಿದ ಈ ಚಂದ್ರಂಕಿಗಿಂತ ಸುಂದರವಾದ ಕೃಷಿಯುಪಕರಣವನ್ನು ನಾನು ಕಂಡಿಲ್ಲ. ಎರಡು ಮೂರು ದಿವಸಗಳಲ್ಲಿ ಸುರುಳಿಯ ಓಣಿಗಳೆಲ್ಲ ಗೂಡುಗಳಿಂದ ತುಂಬುತ್ತವೆ. ಬೆಳಕಿಗೆ ಅಡ್ಡಹಿಡಿದರೆ ಗೂಡು ದೀಪದ ಬುರುಡೆಯಂತೆ ಒಳಗಿನಿಂದ ಹೊಳೆಯುವುದು. ಕ್ಯಾಮೆರಾ ಹಿಡಿದವನು ಇದನ್ನು ಬಿಟ್ಟು ಮುಂದೆ ಹೋಗಲಾರನು, ಹೋಗಲೂಬಾರದು.

ಆ ಗೂಡಿನಲ್ಲಿ ಒಂದೇ ಎಳೆ ನೂರಾರು ಮೀಟರು, ಒಳ್ಳೆಯ ತಳಿಯಾದರೆ ಸಾವಿರ ಮೀಟರಿಗೂ ಮೀರಿ, ಕಡಿಯದೆ ಸುತ್ತಿಕೊಂಡಿರುತ್ತದೆ. ಒಳಗಿನ ಕೋಶ ಚಿಟ್ಟೆಯಾಗಿ ಗೂಡನ್ನು ತೂತುಮಾಡಿಕೊಂಡು ಹೊರಬಂದರೆ ಆ ಎಳೆ ತುಂಡುತುಂಡಾಗುವುದು. ಆದಕಾರಣ ಚಿಟ್ಟೆ ಹೊರಡುವ ಮುನ್ನ ಗೂಡನ್ನು ಹಬೆಗೋ ಬಿಸಿಗಾಳಿಗೋ ಒಡ್ಡಿ ಒಳಗಿನ ಜೀವವನ್ನು ಕೊಲ್ಲುವರು. ಬಳಿಕ ಬಿಸಿನೀರಿನಲ್ಲಿ ಬೇಯಿಸಿ ಎಳೆ ಬಿಚ್ಚುವರು. ಹುಳು ತನ್ನ ಬಾಯಿಯ ದಾರದಿಂದ ಕಟ್ಟಿಕೊಂಡ ಮನೆಯೇ ಅದರ ಮಸಣವಾಗುವುದು. ನೂಲು ಬಿಚ್ಚುವ ಮನೆಗಳ ಬೀದಿಯಲ್ಲಿ ನಡೆದವರಿಗೆ ಬೆಂದ ಕೋಶದ ವಾಸನೆ ಪರಿಚಿತ. ದಿನವೆಲ್ಲ ಬಿಸಿನೀರಿನಲ್ಲಿ ಎಳೆಯ ತುದಿ ಹುಡುಕುವವರ ಬೆರಳಿನ ತೊಗಲು ಬಿಳಿಚಿ ಸುಲಿದಿರುತ್ತದೆ. ಆ ಹೊಳೆಯುವ ಗೂಡಿನ ಚಿತ್ರದಲ್ಲಿ ವಾಸನೆಯಿಲ್ಲ, ಬೆರಳಿಲ್ಲ, ಸಾವೂ ಇಲ್ಲ.

ಹಾಗಾದರೆ ಚಿತ್ರ ಸುಳ್ಳು ಹೇಳಿತೇ? ತೀರ್ಪು ಕೊಡುವ ಮುನ್ನ ನಮ್ಮ ಮೈಮೇಲಿನ ಬಟ್ಟೆಯನ್ನು ನೋಡಿಕೊಳ್ಳೋಣ. ಮದುವೆಯ ಸೀರೆ, ಪೂಜೆಯ ಮಡಿ, ಉತ್ಸವದ ವಸ್ತ್ರ—ಎಲ್ಲಕ್ಕೂ ರೇಷ್ಮೆಯೇ ಆಗಬೇಕು. ದಯೆಯನ್ನು ಧರ್ಮದ ಮೂಲವೆಂದು ನಂಬಿದವರು ನಾವು. ಛಾಯಾಚಿತ್ರ ಮರೆಮಾಡಿದ್ದಕ್ಕಿಂತ ಹೆಚ್ಚಿನದನ್ನು ಸೀರೆಯ ಜರಿ ಮರೆಮಾಡಿದೆ. ಇತ್ತ ಆ ಗೂಡು ಮಾರಾಟವಾಗದಿದ್ದರೆ ಮಳೆಯನ್ನು ನೆಚ್ಚಿಕೊಳ್ಳಲಾಗದ ಈ ಸೀಮೆಯಲ್ಲಿ ಎಷ್ಟೋ ಮನೆಗಳ ಒಲೆ ಹೊತ್ತುವುದಿಲ್ಲ. ಎಷ್ಟೋ ಮಕ್ಕಳ ಓದು ನಡೆದದ್ದು ಆ ಹಣದಿಂದಲೇ. ಹುಳುವಿನ ಪರವಾಗಿ ಮಾತನಾಡುವವನು ರೈತನಿಗೆ ಏನು ಹೇಳುತ್ತಾನೆ? ಈ ಗಂಟನ್ನು ಬಿಚ್ಚುವ ಶಕ್ತಿ ನನ್ನ ತರ್ಕಕ್ಕಿಲ್ಲ. ಗಂಟು ಇದೆಯೆಂದು ತಿಳಿದು ಗೂಡಿನ ಚೆಲುವನ್ನು ನೋಡುವುದು ಒಂದು. ತಿಳಿಯದೆ ನೋಡುವುದು ಇನ್ನೊಂದು. ತಿಳಿಯಬಾರದೆಂದೇ ನೋಡುವುದು ಮೂರನೆಯದು. ಈ ಮೂರನೆಯದಕ್ಕೆ ನನ್ನಲ್ಲಿ ಕ್ಷಮೆಯಿಲ್ಲ.

"ಪ್ರತಿಯೊಂದು ಚಿತ್ರವೂ ತನ್ನ ಹಿಂದಿನ ಕಷ್ಟದ ಲೆಕ್ಕವನ್ನು ಒಪ್ಪಿಸಬೇಕೆಂದರೆ ಕಲೆ ಉಳಿಯುವುದೇ? ಹೂವಿನ ಚಿತ್ರಕ್ಕೂ ಗೊಬ್ಬರದ ರಸೀತಿ ಬೇಕೇ?" ಎಂದು ನೀವು ಆಕ್ಷೇಪಿಸಬಹುದು. ಆಕ್ಷೇಪ ಹಗುರವಾದುದಲ್ಲ. ಪ್ರಾಗ್ ನಗರದ ಯೋಸೆಫ್ ಸುದೆಕ್ ಎಂಬಾತ ಮೊದಲನೆಯ ಮಹಾಯುದ್ಧದಲ್ಲಿ ಬಲಗೈಯನ್ನು ಕಳೆದುಕೊಂಡವನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಗರ ಜರ್ಮನರ ವಶವಾಗಿ, ಬೀದಿಯಲ್ಲಿ ಕ್ಯಾಮೆರಾ ಹಿಡಿದು ತಿರುಗುವುದು ಅಪಾಯಕರವಾದಾಗ, ತನ್ನ ಕೋಣೆಯ ಕಿಟಕಿಯನ್ನೂ ಅದರ ಹಲಗೆಯ ಮೇಲಿನ ಮೊಟ್ಟೆ, ರೊಟ್ಟಿ, ನೀರಿನ ಲೋಟಗಳನ್ನೂ ವರ್ಷಗಟ್ಟಲೆ ಚಿತ್ರಿಸಿದನು. ಗಾಜಿನ ಮೇಲೆ ಹನಿಗಟ್ಟಿದ ಉಸಿರು, ಅದರಾಚೆ ಮಸುಕಾದ ಒಂದು ಮರ. ಆ ಚಿತ್ರಗಳಲ್ಲಿ ಯುದ್ಧದ ಹೆಸರಿಲ್ಲ, ಕಳೆದುಹೋದ ಕೈಯ ಸುದ್ದಿಯಿಲ್ಲ. ಆದರೂ ಅವು ಯಾವುದನ್ನೂ ಬಚ್ಚಿಡುತ್ತಿಲ್ಲವೆಂದು ನೋಡಿದೊಡನೆ ತಿಳಿಯುತ್ತದೆ. ಏಕೆಂದರೆ ಆ ಲೋಟದ ನೀರನ್ನು ಕುಡಿಯುವವನೇ ಆ ಚಿತ್ರವನ್ನು ತೆಗೆದವನು. ಅಲ್ಲಿ ಅಂತರವೇ ಇಲ್ಲ.

ಆದುದರಿಂದ ಲೆಕ್ಕ ಒಪ್ಪಿಸುವ ಹೊಣೆಯನ್ನು ಚಿತ್ರದ ಮೇಲೆ ಹೊರಿಸಲು ನಾನು ಇಚ್ಛಿಸುವುದಿಲ್ಲ. ಮೂಕವಾದ ವಸ್ತು ಮೂಕವಾಗಿಯೇ ಇರಲಿ. ಕೇಳುವ ಹೊಣೆ ನೋಡುವವನದು: ಇದು ಎಲ್ಲಿಯದು, ಯಾರ ಕೈಯಲ್ಲಿ ಸವೆದದ್ದು, ಈಗ ಆ ಕೈ ಏನು ಮಾಡುತ್ತಿದೆ? ಇಷ್ಟು ಕೇಳಿದರೆ ಚಿತ್ರದ ಚೆಲುವು ಕರಗಿಹೋಗುವುದೆಂದು ಹೆದರಬೇಕಾಗಿಲ್ಲ. ಬೆರಣಿಯ ಮೇಲಣ ಬೆರಳಚ್ಚು ಯಾರದೆಂದು ತಿಳಿದ ಮಾತ್ರಕ್ಕೆ ಸಾಲಿನ ಓರಣ ಕೆಡುವುದಿಲ್ಲ.

ಕೆರೆಯ ವಿಷಯ ಅರ್ಧಕ್ಕೆ ನಿಂತಿತು. ಅವಿಭಜಿತ ಕೋಲಾರ ಜಿಲ್ಲೆ ಒಂದು ಕಾಲಕ್ಕೆ ಕೆರೆಗಳಿಗೇ ಹೆಸರಾದುದು. ಉತ್ತರ ಪಿನಾಕಿನಿ ಹುಟ್ಟುವುದು ನಂದಿಯ ಬೆಟ್ಟಗಳ ಸಾಲಿನಲ್ಲಾದರೂ ವರ್ಷದ ಹೆಚ್ಚು ಭಾಗ ಅದರ ಪಾತ್ರದಲ್ಲಿ ಮರಳೇ ಹರಿಯುವುದು. ಕೊಳವೆಬಾವಿಗಳು ಸಾವಿರ ಅಡಿಯನ್ನೂ ದಾಟಿ ಇಳಿದಿವೆ. ಈಚಿನ ವರ್ಷಗಳಲ್ಲಿ ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯ ಮೂಲಕ ಬೆಂಗಳೂರು ಬಳಸಿ ಬಿಟ್ಟ ನೀರನ್ನು ಎರಡು ಹಂತ ಶುದ್ಧಿಮಾಡಿ, ಕೊಳವೆಗಳಲ್ಲಿ ತಂದು ಚಿಕ್ಕಬಳ್ಳಾಪುರ ಜಿಲ್ಲೆಯ ಹಲವು ಕೆರೆಗಳಿಗೆ ತುಂಬಿಸಿದ್ದಾರೆ. ಬಿರುಕುಗಳು ಮುಚ್ಚಿಹೋದ ಕಡೆಗಳಲ್ಲಿ ಈಗ ನೀರು ಥಳಥಳಿಸುತ್ತಿದೆ. ಬೆಟ್ಟದ ನೆರಳು ಅದರಲ್ಲಿ ತಲೆಕೆಳಗಾಗಿ ನಿಂತಿದೆ. ಸಂಜೆಯ ಹೊತ್ತು ಏರಿಯ ಮೇಲೆ ಚಿತ್ರ ತೆಗೆಯುವವರು ಕಾಣಸಿಗುತ್ತಾರೆ. ಮೂರನೆಯ ಹಂತದ ಶುದ್ಧೀಕರಣವೂ ಆಗಬೇಕೆಂದು ರೈತರು ಅದೇ ಏರಿಯ ಮೇಲೆ ನಿಂತು ಕೇಳಿದ್ದಾರೆ. ಚಿತ್ರಗಳು ಚೆನ್ನಾಗಿಯೇ ಬರುತ್ತಿವೆ.